ಮುಖ ತಿಳಿಯದ ಕೇತಲೆ

ನದಿಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಹೊಂಬಳಲು ಎಂಬ ರಾಜ್ಯವಿತ್ತು. ಅದನ್ನು ನೀತಿಪಾಲನೆಂಬ ರಾಜ ಆಳುತ್ತಿದ್ದ. ಅವನ ಮಗಳು ಕೇತಲೆಗೆ ಹುಟ್ಟಿದಾಗಿನಿಂದ ಯಾರ ಮುಖವೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಕಣ್ಣು ಚೆನ್ನಾಗಿತ್ತು, ಬುದ್ಧಿ ಚುರುಕಾಗಿತ್ತು. ಮುಖ ಮಾತ್ರ ನೀರಿನ ಮೇಲೆ ಬರೆದಂತೆ ಅಳಿಸಿಹೋಗುತ್ತಿತ್ತು. ಒಮ್ಮೆ ನೆರೆರಾಜ್ಯದ ಅರಸನನ್ನೇ ಅಡುಗೆಭಟ್ಟನೆಂದು ತಿಳಿದು, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಗದರಿದ್ದಳು. ರಾಣಿ ಬಾಚಲದೇವಿ ಹಣೆ ಚಚ್ಚಿಕೊಂಡಳು. ಸರಿಯಾಗಿ ನೋಡು, ಗಮನವಿಟ್ಟು ನೋಡು ಎಂದು ದಿನವೂ ರೇಗುತ್ತಿದ್ದಳು. ನೋಡುತ್ತಲೇ ಇದ್ದೇನೆ ಎಂದು ಹೇಳಿ ಹೇಳಿ ಕೇತಲೆಗೂ ಸಾಕಾಗಿತ್ತು.

ಹೀಗಿರಲು ರಾಜ ಬೇಟೆಗೆ ಹೋದ. ಕಾಡಿನಲ್ಲಿ ಕುಟಿಲಾಂಗನೆಂಬ ಮಾಂತ್ರಿಕ ಅವನ ಮೇಲೆ ಬೂದಿ ಎರಚಿ ಕರಡಿಯಾಗಿಸಿದ. ತಾನೇ ರಾಜನ ರೂಪ ತಾಳಿ, ಕರಡಿಯನ್ನು ಪಂಜರದಲ್ಲಿಟ್ಟುಕೊಂಡು ಪರಿವಾರದೊಡನೆ ಅರಮನೆಗೆ ಬಂದ. ಅಮಾವಾಸ್ಯೆಗೆ ಕರಡಿಯನ್ನು ಬಲಿ ಕೊಡುವುದಾಗಿ ಡಂಗುರ ಸಾರಿಸಿದ. ಬಲಿಯಾಯಿತೆಂದರೆ ರಾಜ್ಯ ಎಂದೆಂದಿಗೂ ಅವನದು. ಅದಕ್ಕೆ ಮುಂಚೆ ಮನೆಯವರು ಯಾರಾದರೂ ಕರಡಿಯ ಗುರುತು ಹಿಡಿದು ಕರೆದರೆ ಮಾತ್ರ ಮಾಯೆ ಮುರಿಯುತ್ತಿತ್ತು. ಕರಡಿಯ ಮುಖದಲ್ಲಿ ರಾಜನನ್ನು ಯಾರು ಕಂಡಾರು?

ಮಾಂತ್ರಿಕ ಸಭೆಗೆ ನಡೆದು ಬಂದಾಗ ಎಲ್ಲರೂ ಎದ್ದು ನಿಂತರು. ಕೇತಲೆ ಮಾತ್ರ ಕೂತೇ ಇದ್ದಳು. ಇವರು ಅಪ್ಪನಲ್ಲ ಎಂದಳು.

ರಾಣಿಗೆ ಸಿಟ್ಟು ನೆತ್ತಿಗೇರಿತು. "ಯಾರ ಮುಖವೂ ತಿಳಿಯದವಳು ನೀನು. ಈಗ ನಮಗೇ ಮುಖದ ಪಾಠ ಹೇಳುತ್ತೀಯಾ?"

"ಮುಖದ ಮಾತು ನಾನೆಲ್ಲಿ ಎತ್ತಿದೆ? ಅಪ್ಪನ ಬಲಗಾಲು ನೆಲದ ಮೇಲೆ ಭಾರವಾಗಿ ಬೀಳುತ್ತದೆ. ಇವರದು ಬೆಕ್ಕಿನ ಹೆಜ್ಜೆ."

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನವೂ ಹೇಳಿದಳು, ಕಷಾಯ ಕುಡಿದು ಮಲಗು ಎಂದರು. ಮತ್ತೆ ಹೇಳಿದಳು, ಮತ್ತೆ ಕಷಾಯ ಬಂತು. ಕೊನೆಗೆ ಅವಳ ಬಾಯಿ ಮುಚ್ಚಿಸಲೆಂದೇ ರಾಣಿ ಮೂರು ಪರೀಕ್ಷೆ ಗೊತ್ತುಮಾಡಿದಳು. ಮಾಂತ್ರಿಕ ನಗುತ್ತಲೇ ಒಪ್ಪಿದ.

ಮೊದಲನೆಯದರಲ್ಲಿ ಸಭಿಕರು ತಲೆಯಿಂದ ಪಾದದವರೆಗೆ ಕಂಬಳಿ ಹೊದ್ದು ನಡೆದರು. ಕೇತಲೆ ಒಬ್ಬೊಬ್ಬರ ಹೆಸರನ್ನೂ ಹೇಳಿದಳು. ಮಂತ್ರಿ ತಿಪ್ಪರಸ ಅದೃಷ್ಟ ಎಂದ.

ಎರಡನೆಯದರಲ್ಲಿ ಆಳುಗಳು ತೆರೆಯ ಹಿಂದೆ ನಿಂತು ಬರೀ ಕೆಮ್ಮಿದರು. ಕೇತಲೆ ಎಲ್ಲರ ಹೆಸರನ್ನೂ ಹೇಳಿ, ಮಾವುತನಿಗೆ ಎದೆ ಕಟ್ಟಿದೆ, ವೈದ್ಯರನ್ನು ಕರೆಸಿ ಎಂದಳು. ನೋಡಿದರೆ ಹೌದು. ತಿಪ್ಪರಸ ಇದೂ ಅದೃಷ್ಟ ಎಂದ.

ಮೂರನೆಯದಕ್ಕೆ, ಬೇಟೆಯಿಂದ ಬಂದವರೆಲ್ಲ ತೆರೆಯ ಹಿಂದೆ ನಡೆಯಬೇಕು, ಯಾರೂ ಉಸಿರೆತ್ತಬಾರದು, ಅವರಲ್ಲಿ ಅಪ್ಪ ಯಾರೆಂದು ಕೇತಲೆ ಹೇಳಬೇಕು ಎಂದು ರಾಣಿ ಕಟ್ಟಪ್ಪಣೆ ಮಾಡಿದಳು. ಹುಡುಗಿಯನ್ನು ಗೇಲಿ ಮಾಡಲು ತಿಪ್ಪರಸ ಪಂಜರದ ಬಾಗಿಲು ತೆಗೆದು ಕರಡಿಯನ್ನೂ ಸಾಲಿಗೆ ಸೇರಿಸಿದ. ಮಾಂತ್ರಿಕ ಬೇಡವೆನ್ನಲು ಬಾಯಿ ತೆರೆದ. ಮಾತಾಡಿದರೆ ಸಂಶಯ ಬಂದೀತೆಂದು ಮುಚ್ಚಿಕೊಂಡ.

ಒಬ್ಬೊಬ್ಬರಾಗಿ ನಡೆದರು. ಬೆಕ್ಕಿನ ಹೆಜ್ಜೆಯೂ ಹೋಯಿತು. ಕೊನೆಗೊಂದು ಹೆಜ್ಜೆ ಬಂತು, ಬಲಗಾಲು ಭಾರ. ಕೇತಲೆ ಎದ್ದು ನಿಂತು ಇವರೇ ಎಂದಳು. ತೆರೆ ಸರಿಸಿದರು. ಸಭೆ ಗೊಳ್ಳೆಂದು ನಕ್ಕಿತು.

"ಕೇತಲೆ, ಅದು ಕರಡಿ," ಎಂದಳು ರಾಣಿ, ಸೋತ ದನಿಯಲ್ಲಿ.

"ನಿನ್ನ ಕಣ್ಣಿಗೆ ಕರಡಿ. ನೀನು ಎರಡು ಸಲ ಪರೀಕ್ಷೆ ಮಾಡಿದೆ, ನಾನು ಎರಡು ಸಲವೂ ಸರಿಯಾಗಿ ಹೇಳಿದೆ. ಇನ್ನೆಷ್ಟು ಸಲ ಹೇಳಲಿ, ಅಮ್ಮ?"

ಕೇತಲೆ ಉತ್ತರಕ್ಕೆ ಕಾಯದೆ ಹೋಗಿ, ಉಗುರಿನ ಆ ದೊಡ್ಡ ಪಂಜವನ್ನು ಹಿಡಿದುಕೊಂಡು, "ಅಪ್ಪಾ, ಬನ್ನಿ," ಎಂದು ಕರೆದಳು.

ಕರಡಿಯ ಕೂದಲೆಲ್ಲ ಉದುರಿತು. ನೀತಿಪಾಲ ನಿಂತಿದ್ದ. ಅತ್ತ ಮಾಂತ್ರಿಕನ ಮುಖ ಮೇಣದಂತೆ ಕರಗಿ, ಮೈಯೆಲ್ಲ ಬೂದಿಯ ಗುಡ್ಡೆಯಾಯಿತು. ಗಾಳಿ ಅದನ್ನೂ ಗುಡಿಸಿಕೊಂಡು ಹೋಯಿತು.

ರಾಜ ಮಗಳನ್ನು ತಬ್ಬಿಕೊಂಡ. ರಾಣಿ, ಇಷ್ಟು ವರ್ಷ ನೋಡು ನೋಡು ಎಂದೆನೇ ಹೊರತು ನೀನು ಹೇಳಿದ್ದನ್ನು ಕೇಳಲಿಲ್ಲ ಎಂದು ಅತ್ತಳು. ಅಂದಿನಿಂದ ಕೇತಲೆಯ ಎದುರಿಗೆ ಬಂದವರು ಮೊದಲು ತಮ್ಮ ಹೆಸರು ಹೇಳಬೇಕೆಂಬ ಕಟ್ಟಳೆಯಾಯಿತು. ಕೋಟೆಬಾಗಿಲ ಕಾವಲು ಅವಳದಾಯಿತು. ವೇಷ ಮರೆಸಿಕೊಂಡವನೊಬ್ಬನೂ ಹೊಂಬಳಲಿನೊಳಗೆ ಕಾಲಿಡಲಿಲ್ಲ. ನಾಡು ಹಾಲು ಮೊಸರು ಉಂಡು ತಣ್ಣಗಿತ್ತು.

ಕಟ್ಟಳೆಯನ್ನು ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸಿದವಳು ರಾಣಿ. ದಿನಾ ಬೆಳಿಗ್ಗೆ ಮಗಳ ಬಾಗಿಲಲ್ಲಿ ನಿಂತು, "ನಾನು, ನಿಮ್ಮಮ್ಮ ಬಾಚಲದೇವಿ," ಎನ್ನುತ್ತಿದ್ದಳು.

"ಗೊತ್ತಮ್ಮ," ಎಂದು ಕೇತಲೆ ನಿಟ್ಟುಸಿರು ಬಿಡುತ್ತಿದ್ದಳು. "ಬಳೆ ಸದ್ದು ಆಗಲೇ ಕೇಳಿಸಿತು."