ಹೊಲಿಗೆ ಹಾಕಿದ ಎದೆ

"ನೀವಾ...!"

ಸೊರಬದ ತನ್ನ ಮನೆಯ ಬಾಗಿಲಲ್ಲೇ ಕೊಟ್ರೇಶ್ ಕಲ್ಲಾಗಿ ನಿಂತ. ತಂಗಿಯನ್ನು ನೋಡಲು ಶಿಕಾರಿಪುರದಿಂದ ಬಂದ ಗಂಡಿನ ಕಡೆಯವರ ಜೊತೆ, ಎರಡು ವರ್ಷದ ಹಿಂದೆ ತಾವೇ ಬೇಡವೆಂದಿದ್ದ ಚೈತ್ರಶ್ರೀ!

"ಹೂಂ ರೀ, ನಾನೇ. ಗಂಡು ಮಹಾಂತೇಶ ನಮ್ಮ ದೊಡ್ಡಮ್ಮನ ಮಗ. ಒಳಗೆ ಕರೀತೀರೋ, ಇಲ್ಲಿಂದಲೇ ಕಳಿಸ್ತೀರೋ?"

ಚೈತ್ರಶ್ರೀಯ ಬಾಯಲ್ಲಿ ಬೆಲ್ಲ, ಹೊಟ್ಟೆಯಲ್ಲಿ ಬೆಂಕಿ. ಹುಟ್ಟಿದಾಗಲೇ ಅವಳ ಹೃದಯದಲ್ಲಿದ್ದ ರಂಧ್ರವನ್ನು ಚಿಕ್ಕಂದಿನಲ್ಲಿ ಆಪರೇಷನ್ ಮಾಡಿ ಮುಚ್ಚಿದ್ದರು. ಹೆಣ್ಣು ನೋಡಲು ಬಂದವರಿಗೆ ಅದನ್ನು ಪ್ರಾಮಾಣಿಕವಾಗಿ ಹೇಳಿದ್ದೇ ತಪ್ಪಾಯಿತು.

"ಹೊಲಿಗೆ ಹಾಕಿದ ಎದೆ ನಮ್ಮನೆಗೆ ಬೇಡ" ಎಂದು ಕೊಟ್ರೇಶನ ತಾಯಿ ಜಗದಾಂಬ ತಟ್ಟೆ ಸರಿಸಿ ಎದ್ದಿದ್ದರು. ಅರೆಗಳಿಗೆ ಮುಂಚೆ ಕಣ್ಣಲ್ಲೇ ಒಪ್ಪಿಗೆ ಹೇಳಿದ್ದ ಈ ಮಹಾನುಭಾವ ತುಟಿ ಬಿಚ್ಚಿರಲಿಲ್ಲ!

ಮಾಡಿದ್ದುಣ್ಣೋ ಮಹರಾಯ. ಹೋದ ವರ್ಷ ಅವಳು ಶಿವಮೊಗ್ಗದ ಆಸ್ಪತ್ರೆಗೆ ಚೆಕಪ್‌ಗೆ ಹೋದಾಗ, ಅದೇ ಜಗದಾಂಬ ಹೃದಯದ ವಾರ್ಡಿನಿಂದ ಮಗಳು ಅಶ್ವಿನಿಯನ್ನು ಕರೆತರುತ್ತಿದ್ದರು. ನರ್ಸನ್ನು ಕೇಳಿದರೆ, ಅದೇ ರಂಧ್ರ, ಅದೇ ಆಪರೇಷನ್! ಚೈತ್ರಶ್ರೀಯನ್ನು ಕಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಮಹಾಂತೇಶನಿಗೆ ಇದೇ ಸಂಬಂಧ ಬಂದಿದೆಯೆಂದು ತಿಳಿದದ್ದೇ ತಡ, ಅವಳು ಹಟ ಹಿಡಿದು ಹೊರಟು ಬಂದಿದ್ದಳು.

ಕತ್ತಿನವರೆಗೂ ಸೆರಗಿಗೆ ಪಿನ್ ಹಾಕಿಕೊಂಡ ಅಶ್ವಿನಿ ಉಪ್ಪಿಟ್ಟು ತಂದಳು.

"ಆರೋಗ್ಯ ಹೆಂಗೆ ರೀ ಹುಡುಗೀದು?" ದೊಡ್ಡಮ್ಮ ಕೇಳಿದರು.

"ಅಯ್ಯೋ, ಅವಳಿಗೆ ಒಂದು ನೆಗಡೀನೂ ಆಗಿಲ್ಲ ಬಿಡ್ರಿ" ಎಂದರು ಜಗದಾಂಬ, ಚೈತ್ರಶ್ರೀಯ ಕಣ್ಣು ತಪ್ಪಿಸುತ್ತಾ.

ಇದೇ ಹೊತ್ತು! ಚೈತ್ರಶ್ರೀ ಬಾಯಿ ತೆರೆದಳು. ಅಷ್ಟರಲ್ಲಿ ಅಶ್ವಿನಿ ಸೆರಗಿನ ಪಿನ್ ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುವುದು ಕಣ್ಣಿಗೆ ಬಿತ್ತು. ಅವತ್ತು ತಾನೂ ಹೀಗೇ ಮುಟ್ಟಿಕೊಂಡಿದ್ದೆನಲ್ಲ... 'ಸೇಡು ತಾಯಿಯ ಮೇಲೆ, ಏಟು ಈ ಹುಡುಗಿಗಾ?' ತೆರೆದ ಬಾಯಿಗೆ ಒಂದು ತುತ್ತು ಉಪ್ಪಿಟ್ಟು ತುರುಕಿಕೊಂಡಳು.

"ಸುಳ್ಳು ಹೇಳಬೇಡ ಅಮ್ಮಾ."

ಎದ್ದು ನಿಂತವನು ಕೊಟ್ರೇಶ್!

"ಅಶ್ವಿನಿ ಹೃದಯದಲ್ಲಿ ರಂಧ್ರ ಇತ್ತು ರೀ. ಆಪರೇಷನ್ ಆಗಿದೆ, ಈಗ ಆರಾಮಿದಾಳೆ. ಇದೇ ಕಾರಣಕ್ಕೆ ನಾವು ಚೈತ್ರಶ್ರೀಯವರನ್ನ ಬೇಡ ಅಂದಿದ್ವಿ. ಅವತ್ತು ನಾನು ಸುಮ್ಮನಿದ್ದೆ. ಇವತ್ತೂ ಸುಮ್ಮನಿದ್ರೆ ನಾನು ಮನುಷ್ಯನೇ ಅಲ್ಲ."

ಮಹಾಂತೇಶ ಚೈತ್ರಶ್ರೀಯತ್ತ ತಿರುಗಿದ. "ಅಕ್ಕಾ, ನೀನು ಹೂಂ ಅಂದ್ರೆ ಹೂಂ."

ಜಗದಾಂಬ ಅಂಗಲಾಚುವ ಕಣ್ಣಿನಿಂದ ಅವಳನ್ನೇ ನೋಡಿದರು. ಆಹಾ, ಈ ನೋಟಕ್ಕಾಗಿ ಎಷ್ಟು ಕಾದಿದ್ದಳು!

"ಜಗದಾಂಬಮ್ಮಾ... ಹೊಲಿಗೆ ಹಾಕಿದ ಎದೆ ನಮ್ಮನೆಗೆ..." ಬೇಕೆಂದೇ ನಿಲ್ಲಿಸಿದಳು. ಆಕೆಯ ಮುಖ ಬಿಳಿಚಿತು. "...ಹೊಸದಲ್ಲ ಬಿಡಿ. ಮಹಾಂತೇಶ, ಹುಡುಗಿ ಚೆನ್ನಾಗಿದಾಳೆ ಕಣೋ."

ಜಗದಾಂಬ ಸೆರಗು ಬಾಯಿಗೊತ್ತಿ ಬಿಕ್ಕಿದರು. ಆ ಅಳು ಚೈತ್ರಶ್ರೀಗೆ ಹಿತವಾಯಿತು, ಸುಳ್ಳೇಕೆ?

ಅವಳು ಕೈ ತೊಳೆಯಲು ಹಿತ್ತಲಿಗೆ ಬಂದಾಗ ಕೊಟ್ರೇಶ್ ಹಿಂದೆಯೇ ಬಂದ.

"ನಿಮ್ಮನ್ನ ಬಿಟ್ಟು ಇನ್ನೊಂದು ಹೆಣ್ಣು ನೋಡೋಕೆ ಹೋಗಿಲ್ಲ ನಾನು. ಕ್ಷಮಿಸಿದಿರಾ?"

"ಇಲ್ಲ. ನಿಮ್ಮ ಮೇಲಿನ ಸೇಡು ಹಂಗೇ ಇದೆ."

"ಏನು ಮಾಡಿದ್ರೆ ತೀರುತ್ತೆ ರೀ?"

"ಸೋಮವಾರ ನಾವು ಗಂಡು ನೋಡೋಕೆ ಬರ್ತೀವಿ. ಉಪ್ಪಿಟ್ಟು ನೀವೇ ಮಾಡಿ, ತಲೆ ತಗ್ಗಿಸ್ಕೊಂಡು ತರಬೇಕು."

"ಗಂಡು ಒಪ್ಪಿಗೆ ಆಗದಿದ್ರೆ...?"

ಅವಳ ಕಣ್ಣು ತುಂಬಿತು.

"ಅವತ್ತೇ ಆಗಿತ್ತಲ್ರೀ... ಇಲ್ದಿದ್ರೆ ಇಷ್ಟು ಸಿಟ್ಟು ಯಾಕೆ?"