ಬಿತ್ತದ ಹೊಲದಲ್ಲಿ ಸೂರ್ಯಕಾಂತಿ

ಕೃಷಿ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಅವಳ ಹೆಸರಿತ್ತು — ‘ಬಿತ್ತನೆ ಮಾಡದೆ ಸಹಾಯಧನ ಕೋರಿದವರು’ ಎಂಬ ತಲೆಬರಹದ ಕೆಳಗೆ, ಮೊಟ್ಟಮೊದಲಿಗೆ!

ಊರು ಅವಳಿಗಿಟ್ಟ ಅಡ್ಡಹೆಸರು ವಕೀಲಮ್ಮ. ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ. ಆದರೆ ಅವಳ ಬಾಯಿ ಮುಚ್ಚಿಸಿದವರು ಯಾರೂ ಇಲ್ಲ. ನಾಲ್ಕು ಎಕರೆ ಸೂರ್ಯಕಾಂತಿ ಬೆಳೆದವಳನ್ನು ಕಳ್ಳಿ ಅನ್ನುವುದೆ? ಮೈಯೆಲ್ಲ ಉರಿದುಹೋಯಿತು. ಸೀದಾ ಒಳಗೆ ನುಗ್ಗಿದಳು.

ಅಧಿಕಾರಿ ಒಂದು ಹಾಳೆ ಮುಂದೆ ತಳ್ಳಿದರು. “ತಪ್ಪಾಯ್ತು ಅಂತ ಸಹಿ ಹಾಕಮ್ಮ, ಇಲ್ಲಿಗೇ ಮುಗಿಸೋಣ. ಇಲ್ಲದಿದ್ರೆ ಐದು ವರ್ಷ ಸಹಾಯಧನದ ಪಟ್ಟಿಯಿಂದ ಹೊರಗೆ.”

“ಮಾಡದ ತಪ್ಪಿಗೆ ಸಹಿ? ಸತ್ರೂ ಇಲ್ಲ. ತಪಾಸಣೆಗೆ ತೆಗೆದ ಹೊಲದ ಫೋಟೋ ತೋರಿಸಿ.”

ಕಡತದಿಂದ ಎರಡು ಫೋಟೋ ಹೊರಬಂದವು. ಅವಳ ಸರ್ವೆ ನಂಬರು ಬರೆದು ಹೊಲದ ಮುಂದೆ ನೆಟ್ಟ ಸ್ಲೇಟಿನ ಹಿಂದೆ ಬರೀ ಕಳೆ ತುಂಬಿದ ಬೀಳು. ಅವಳ ಮೈದುನನ ನಂಬರಿನ ಹಿಂದೆ ಒತ್ತಾಗಿ ನಿಂತ ಸೂರ್ಯಕಾಂತಿ! ರಸ್ತೆಯ ಮೂಡಣಕ್ಕೆ ಅವಳ ಹೊಲ, ಪಡುವಣಕ್ಕೆ ಅವನದು. ಅವನು ಈ ಸಲ ಒಂದು ಕಾಳೂ ಬಿತ್ತಿರಲಿಲ್ಲ. ಆದರೆ ಕಟಾವು ಮುಗಿದು ಎರಡೂ ಹೊಲ ಉತ್ತಾಗಿತ್ತು. ಹೋಗಿ ನೋಡಿದರೂ ಏನೂ ಸಿಗದು.

ಅದಲುಬದಲು ಮಾಡಿದವರು ಯಾರು?

ಕಚೇರಿಯ ಗುಮಾಸ್ತ ಕೈ ಎತ್ತಿಬಿಟ್ಟ. “ನಾನು ಕಡತಕ್ಕೆ ಅಂಟಿಸಿದ್ದಷ್ಟೇ. ಸ್ಲೇಟು ಫೋಟೋದೊಳಗೇ ಇದೆಯಲ್ಲ!”

ಅದೂ ನಿಜವೇ.

ಮಂಜೂರಿ ಪತ್ರ ಒಯ್ಯಲು ಬಂದಿದ್ದ ಮೈದುನ ಗೋಡೆಗೊರಗಿ ನಕ್ಕ. “ನನ್ನ ಬೆಳೆ ಕಂಡ್ರೆ ಯಾಕತ್ತಿಗೆ ಹೊಟ್ಟೆಕಿಚ್ಚು?”

ಅವಳು ಹಲ್ಲು ಕಚ್ಚಿ, ಹೊಲ ತಪಾಸಣೆ ಮಾಡಿದ್ದ ಸಹಾಯಕನತ್ತ ತಿರುಗಿದಳು.

“ಈ ಹೂವಿನ ಫೋಟೋ ತೆಗೆದವರು?”

“ನಾನೇ.”

“ಎಲ್ಲಿ ನಿಂತು?”

“ರಸ್ತೆ ಮೇಲೆ.”

“ಯಾವ ಕಡೆ ಮುಖ ಮಾಡಿ?”

“ಪಡುವಣಕ್ಕೆ. ನಿಮ್ಮ ಮೈದುನನ ಹೊಲ ಅಲ್ಲೇ ತಾನೆ ಇರೋದು? ನಕ್ಷೆ ನೋಡ್ಕೊಂಡೇ ತೆಗೆದಿದ್ದೀನಿ.”

“ಖಂಡಿತ?”

“ನೂರಕ್ಕೆ ನೂರು!”

ಅವಳು ಫೋಟೋವನ್ನು ಅಧಿಕಾರಿಯ ಮೂಗಿನ ಕೆಳಗೆ ಹಿಡಿದಳು. “ಹೂವಿನ ಮುಖ ಕಾಣುತ್ತಾ ಸಾಹೇಬ್ರೇ?”

“ಇಲ್ಲ... ಎಲ್ಲಾ ಬೆನ್ನು. ಸೂರ್ಯ ಹೋದ ಕಡೆ ತಿರುಗುತ್ತಲ್ಲಮ್ಮ ಅದು?”

“ಎಳೇ ಗಿಡ ತಿರುಗುತ್ತೆ. ಪೂರ್ತಿ ಅರಳಿದ ಮೇಲೆ ಬೆಳಿಗ್ಗೆಯಾದ್ರೂ ಸಂಜೆಯಾದ್ರೂ ಮೂಡಣಕ್ಕೇ ಮುಖ. ಇವರು ಪಡುವಣಕ್ಕೆ ನೋಡ್ತಿದ್ರೆ ಹೂವೆಲ್ಲ ಎದುರಿಗೇ ಕಾಣಬೇಕಿತ್ತು. ಬೆನ್ನು ಕಾಣ್ತಿದೆ ಅಂದ್ರೆ ಇವರು ನೋಡ್ತಿದ್ದದ್ದು ಮೂಡಣಕ್ಕೆ — ನನ್ನ ಹೊಲನ, ಅವನ ಸ್ಲೇಟು ನೆಟ್ಟು! ಕೈತಪ್ಪಿ ಆಗಿದ್ದಲ್ಲ, ನಕ್ಷೆ ನೋಡಿದ್ದೆ ಅಂತ ಈಗಷ್ಟೇ ಇವರೇ ಹೇಳಿದ್ರು. ಕಳ್ಳ ಇವರೇ!”

ಬೆವೆತುಹೋದ ಮೈದುನ ಸಹಾಯಕನತ್ತ ಕೈ ತೋರಿ ಬಾಯಿಬಿಟ್ಟ. “ನನ್ನ ಹೊಲದಲ್ಲಿ ಹೂವು ತೋರಿಸು, ಪಾಲು ಕೊಡ್ತೀನಿ ಅಂದೆ, ಅಷ್ಟೇ. ಒಂದೇ ಬೆಳೆ ಎರಡು ಕಡೆ ತೋರಿಸಿದ್ರೆ ಸಿಕ್ಕಿಬೀಳ್ತೀವಿ ಅಂತ ಇವನೇ ನಿಮ್ಮ ನಂಬರಿಗೆ ನನ್ನ ಬೀಳು ಕಟ್ಟಿದ...”

ಅಧಿಕಾರಿ ತಪ್ಪೊಪ್ಪಿಗೆಯ ಹಾಳೆ ಹರಿದು ದನಿ ತಗ್ಗಿಸಿದರು. “ಸಹಾಯಕನ ಮೇಲೆ ದೂರು ಬರ್ಕೊಡಿ. ಮೈದುನನ್ನ ಬಿಟ್ಬಿಡಿ. ಮನೆ ವಿಷಯ.”

“ಅತ್ತಿಗೆ, ನಿಮ್ಮ ಕೈತುತ್ತು ತಿಂದು ಬೆಳೆದವನಲ್ವಾ ನಾನು?”

ಸುಳ್ಳೇನಲ್ಲ ಅದು. ಅವಳು ದೂರು ಬರೆಯಲು ಪೆನ್ನು ಎಳೆದುಕೊಂಡಳು.

“ಹೌದಪ್ಪ. ಅದಕ್ಕೇ ನಿನ್ನ ಹೆಸರು ಮೊದಲು.”