ತಡವಾಗಿ ಬಡಿದ ಗಂಟೆ

ಸಂಜೆ ಐದೂವರೆಗೆ ಸಾಮಿಲ್ ಯಜಮಾನರ ಹೆಣವನ್ನು ಹಲಗೆ ಒಣಗಿಸುವ ಕೋಣೆಯಿಂದ ಎತ್ತಿದರು. ಅದೇ ಗಳಿಗೆಗೆ, ಇನ್ನೂರು ಮೀಟರ್ ಆಚೆ, ಅವರ ಮನೆಯೊಳಗೆ ಗಂಟೆ ಬಡಿಯತೊಡಗಿತು. ಒಂದಲ್ಲ, ಎರಡಲ್ಲ — ಹನ್ನೊಂದು ಸಲ.

ಅದು ಯಜಮಾನರ ಮಣಿಕಟ್ಟಿನ ಗುಂಡಿಯ ಗಂಟೆ. ಎದೆಯ ಕಾಯಿಲೆಯವರು, ಸಂಕಟವಾದರೆ ಒತ್ತಲಿ ಎಂದು ಕಟ್ಟಿದ್ದು. ಗಂಟೆ ಕೇಳಿದ ಹೆಂಡತಿ ಬರಿಗಾಲಲ್ಲೇ ಓಡಿಬಂದರು. ಗಂಡ ಕರೆಯುತ್ತಿದ್ದಾರೆ ಎಂದುಕೊಂಡಿದ್ದರಂತೆ. ಅರ್ಧ ದಾರಿಯಲ್ಲಿ ಹೆಣ ಎದುರಾಯಿತು.

ನಾನು ಠಾಣೆಯ ರೈಟರ್. ಹದಿನಾಲ್ಕು ವರ್ಷದಿಂದ ಜನರ ಹೇಳಿಕೆ ಬರೆದು ಬರೆದು ಮನಸ್ಸು ಜಡ್ಡುಗಟ್ಟಿದೆ ಎಂದು ತಿಳಿದಿದ್ದೆ. ಆ ತಾಯಿಯ ಹೇಳಿಕೆ ಬರೆಯುವಾಗ ಮಾತ್ರ ಒಂದೇ ಸಾಲನ್ನು ಎರಡು ಸಲ ಬರೆದೆ.

ಇನ್ಸ್‌ಪೆಕ್ಟರ್ ಮೇಡಂ ಜೊತೆ ನಾನು ಅಲ್ಲಿಗೆ ತಲುಪಿದ್ದು ಆರು ಗಂಟೆಗೆ. ಅಷ್ಟರಲ್ಲಿ ಅಪರಾಧಿ ಸಿಕ್ಕಾಗಿತ್ತು, ಅಂದರೆ ಜನರೇ ಒಬ್ಬನನ್ನು ಹಿಡಿದು ಕೂರಿಸಿದ್ದರು. ಬೆಳೆದದ್ದೆಲ್ಲ ಉದ್ದಕ್ಕೇ ಹೋದಂತಿದ್ದ ಆಸಾಮಿ, ಊರೆಲ್ಲ ಅವನನ್ನು ಆಂಟೆನಾ ಎಂದೇ ಕರೆಯುವುದು. ಸಾಮಿಲ್ ಅಂಗಳದ ನಡುವಿನ ಕಂಬದ ಮೇಲೆ ಬಿಳಿ ಡಬ್ಬಿ ಕೂರಿಸಿದವನು ಅವನು. ಮನೆಯ ವೈಫೈ ತುದಿಯ ಒಣಕೋಣೆಯವರೆಗೆ ಎಟುಕುತ್ತಿರಲಿಲ್ಲ. ಈ ಡಬ್ಬಿ ನಡುವೆ ನಿಂತು ಸಿಗ್ನಲ್ ಹಿಗ್ಗಿಸಿ ದಾಟಿಸುತ್ತಿತ್ತು. ಗುಂಡಿಯ ಕರೆ ಮನೆ ಸೇರಲು ಬೇರೆ ದಾರಿ ಇರಲಿಲ್ಲ.

ನಡೆದದ್ದನ್ನು ಹೇಳಿದ್ದು ಯಜಮಾನರ ತಮ್ಮ. ಅಣ್ಣ ದಿನಾ ಮೂರು ಗಂಟೆಗೆ ಒಣಕೋಣೆಗೆ ಹೋಗಿ ಅಂಗೈಯಿಂದ ಹಲಗೆ ಸವರಿ ನೋಡುತ್ತಿದ್ದರಂತೆ, ತೇವ ಅಳೆಯುವ ಮೀಟರನ್ನು ನಂಬುತ್ತಿರಲಿಲ್ಲವಂತೆ. ಇವತ್ತು ಗಾಳಿಗೆ ಬಾಗಿಲು ಬಡಿದು ಹೊರಗಿನ ಅಗುಳಿ ತಾನಾಗಿ ಬಿದ್ದಿದೆ. ಒಳಗೆ ಅರವತ್ತು ಡಿಗ್ರಿ ಬಿಸಿ. ಗರಗಸದ ಸದ್ದಿನಲ್ಲಿ ಕೂಗು ಯಾರಿಗೂ ಕೇಳಿಲ್ಲ.

"ಗುಂಡಿ ಒತ್ತಿದಾನೆ. ಇವನ ಡಬ್ಬಿ ಸತ್ತು ಬಿದ್ದಿತ್ತು. ಅದೇ ನಮ್ಮಣ್ಣನ್ನ ಕೊಂದಿದ್ದು, ಬರ್ಕೊಳ್ಳಿ," ಎಂದ.

ಆಂಟೆನಾ ವಾದ ಮಾಡಲಿಲ್ಲ. ನೆಲ ನೋಡುತ್ತ, "ಇರಬಹುದು. ನಾನೇ ಕೊಂದೆ ಅನ್ಸತ್ತೆ," ಎಂದುಬಿಟ್ಟ. ಹೊರಗೆ ಜೀಪು ನಿಂತಿತ್ತು. ಅವನ ಹೆಂಡತಿ ಗೇಟಿನ ಸರಳು ಹಿಡಿದು ನಿಂತಿದ್ದಳು. ನಾನು ಅವನ ಹೆಸರು ವಿಳಾಸ ಬರೆಯಲು ಹೊರಟೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡ. ತಡಿ," ಎಂದರು ಮೇಡಂ. ಅವರು ಬಡಗಿಯ ಮಗಳು. ಮಾತು ಕಡಿಮೆ, ಮೂಗು ಚುರುಕು.

ಆಂಟೆನಾನನ್ನು ಕಂಬ ಹತ್ತಿಸಿದರು. ಡಬ್ಬಿ ನಲವತ್ತೊಂದು ದಿನದಿಂದ ಒಂದು ಕ್ಷಣವೂ ಆರಿಲ್ಲ ಎಂದು ಅವನ ಫೋನು ತೋರಿಸಿತು.

"ಮೂರಕ್ಕೆ ಒತ್ತಿದ್ದು ಐದೂವರೆಗೆ ಯಾಕೆ ಬಡೀತು?"

"ಸಿಗ್ನಲ್ ಸಿಗದಿದ್ರೆ ಗುಂಡಿ ಕರೆನ ಹಿಡಿದಿಟ್ಕೊಳ್ಳತ್ತೆ ಮೇಡಂ. ಕೈ ಅಲುಗದಿದ್ರೆ ನಿದ್ದೆ ಹೋಗತ್ತೆ. ಮತ್ತೆ ಅಲುಗಿಸಿದಾಗ ಎದ್ದು ಎಲ್ಲಾ ಕಳಿಸತ್ತೆ."

ಹೆಣ ಎತ್ತಿದಾಗ ಬಾಗಿಲು ತೆರೆದಿತ್ತು, ಅದಕ್ಕೇ ಸಿಗ್ನಲ್ ಸಿಕ್ಕಿತು ಎಂದ ತಮ್ಮ. ಮೇಡಂ ನನ್ನತ್ತ ನೋಡಿದರು. ಆ ನೋಟದ ಅರ್ಥ ನನಗೆ ಗೊತ್ತು. ಹೆಣದ ಕೈಯಿಂದ ಬಿಚ್ಚಿದ್ದ ಗುಂಡಿ ಹಿಡಿದು ಒಣಕೋಣೆಯೊಳಗೆ ಹೋದೆ. ಹಿಂದೆ ಬಾಗಿಲು ಮುಚ್ಚಿತು, ಅಗುಳಿ ಬಿತ್ತು.

ಯಂತ್ರ ಆರಿಸಿದ್ದರೂ ಕಾವು ಇಳಿದಿರಲಿಲ್ಲ. ಕತ್ತಲು. ಬಾಗಿಲ ಒಳಮೈಯಲ್ಲಿ ಉಗುರಿನ ಗೀರುಗಳು ಕೈಗೆ ತಾಕಿದವು. ನನಗೆ ಭಯವಾಯಿತು, ಸುಳ್ಳು ಹೇಳುವುದಿಲ್ಲ. ಗುಂಡಿ ಒತ್ತಿದೆ. ಮರುಕ್ಷಣವೇ ಮನೆಯಲ್ಲಿ ಗಂಟೆ ಬಡಿಯಿತೆಂದು ಹೊರಗಿನವರು ಕೂಗಿ ಹೇಳಿದರು.

"ಅಂದ್ರೆ ಬಾಗಿಲು ಮುಚ್ಚಿದ್ರೂ ದಾರಿ ಇದೆ," ಎಂದರು ಮೇಡಂ. "ಡಬ್ಬಿ ಸರಿ ಇದೆ. ಗುಂಡೀನೂ ಸರಿ ಇದೆ. ಮೂರು ಗಂಟೆಗೆ ಮಧ್ಯೆ ಏನಿತ್ತು?"

ಏನೂ ಇರಲಿಲ್ಲ ಎಂದರು ಎಲ್ಲರೂ. ನಿಜವೇ, ಕಂಬದಿಂದ ಬಾಗಿಲವರೆಗೆ ಬರೀ ಬಯಲು. ಬಾಗಿಲ ಪಕ್ಕದ ಜಾಲರಿಯೊಂದೇ, ಒಳಗಿನ ಬಿಸಿಗಾಳಿ ಹೊರಬೀಳಲು. ಮೇಡಂ ಅದರ ಮುಂದೆ ಕೈ ಹಿಡಿದು ನಿಂತರು. ಆಮೇಲೆ ಗರಗಸದ ಬಳಿ ನೆರಳಲ್ಲಿದ್ದ ಟ್ರಾಲಿಗೆ ನಡೆದರು. ಬೆಳಿಗ್ಗೆ ಕೊಯ್ದ ಹಸಿ ಹಲಗೆ ತುಂಬಿತ್ತು. ಹಲಗೆಗಳ ತುದಿಗೆಲ್ಲ ಕೆಂಪು ಬಣ್ಣ. ಹಸಿ ತುದಿ ಬೇಗ ಒಣಗಿ ಸೀಳುತ್ತದೆ, ಅದಕ್ಕೇ ಕೊಯ್ದ ಕೂಡಲೇ ಬಳಿಯುವುದು ಅಲ್ಲಿನ ಪದ್ಧತಿ. ಮೇಡಂ ಎರಡೂ ಪಕ್ಕದ ತುದಿ ಮುಟ್ಟಿ ನೋಡಿದರು. ಒಂದು ಪಕ್ಕದ ಬಣ್ಣ ಬೆರಳಿಗೆ ಅಂಟಿತು. ನನಗಂತೂ ಅದರಲ್ಲಿ ಏನೂ ಹೊಳೆಯಲಿಲ್ಲ.

ಗರಗಸದವನನ್ನು ಕರೆದು, ಮೂರು ಗಂಟೆಗೆ ಈ ಟ್ರಾಲಿ ಎಲ್ಲಿತ್ತು ಎಂದು ಕೇಳಿದರು. ಒಣಕೋಣೆಯ ಬಾಗಿಲಿಗೆ ಒತ್ತಿ ನಿಂತಿತ್ತಂತೆ. ಯಾರು ತಂದರೋ, ಯಾರು ಒಯ್ದರೋ, ತಾನು ಬೆನ್ನು ಮಾಡಿ ನಿಂತಿದ್ದೆ ಎಂದ.

"ಮೊದಲೇ ಯಾಕೆ ಹೇಳ್ಲಿಲ್ಲ?"

"ಸಾಮಿಲ್ಲಲ್ಲಿ ಮರ ಇದ್ರೆ ಏನು ವಿಶೇಷ ಮೇಡಂ?"

ಆಂಟೆನಾ ತಟ್ಟನೆ ತಲೆ ಎತ್ತಿದ. "ಹಸಿ ಮರ ಅಂದ್ರೆ ನೀರಿನ ಗೋಡೆ. ಸಿಗ್ನಲ್ಲೆಲ್ಲ ಕುಡಿದುಬಿಡತ್ತೆ. ಡಬ್ಬಿ ಹಾಕಿದ ದಿನವೇ ಹೇಳಿದ್ದೆ, ಬಾಗಿಲ ಮುಂದೆ ಹಸಿ ಹಲಗೆ ನಿಲ್ಲಿಸ್ಬೇಡಿ ಅಂತ."

"ಯಾರಿಗೆ ಹೇಳಿದ್ದೆ?"

ಯಜಮಾನರಿಗೆ, ಅವರ ಹೆಂಡತಿಗೆ, ತಮ್ಮನಿಗೆ, ಮೂವರಿಗೂ ಹೇಳಿದ್ದನಂತೆ. ಮೂವರಲ್ಲಿ ಒಬ್ಬರು ಈಗ ಇಲ್ಲ. ಉಳಿದ ಇಬ್ಬರೂ ನಮ್ಮೆದುರಿಗೇ ನಿಂತಿದ್ದರು. ಸಾಮಿಲ್ ಮಾರಿ ಸುಮ್ಮನಿರುತ್ತೇನೆ ಎಂದು ಯಜಮಾನರು ಮೊನ್ನೆಯಷ್ಟೇ ಹೇಳಿದ್ದು ಇಬ್ಬರಿಗೂ ತಿಳಿದಿತ್ತು.

"ಕೋಣೆಯೊಳಗಿನ ಹಲಗೆ ಒಣಗೋಕೆ ಇನ್ನೂ ಎಂಟು ದಿನ ಬೇಕು, ಬಾಗಿಲ ಮೇಲಿನ ಬೋರ್ಡಲ್ಲೇ ಬರೆದಿದೆ," ಎಂದರು ಮೇಡಂ. "ಹಾಗಿರುವಾಗ ಹಸಿ ಮರ ಅಲ್ಲಿಗೆ ಹೋಗೋ ಕಾರಣವೇ ಇಲ್ಲ. ಯಾರೋ ಬೇಕಂತಲೇ ನಿಲ್ಲಿಸಿ, ಅಗುಳಿ ಹಾಕಿ, ಕೆಲಸ ಮುಗಿದ ಮೇಲೆ ವಾಪಸ್ ತಂದಿದಾರೆ. ಅಷ್ಟರಲ್ಲಿ ಕೈ ಅಲುಗದೆ ಗುಂಡಿ ನಿದ್ದೆ ಹೋಗಿತ್ತು, ಅದಕ್ಕೇ ಆಗ ಗಂಟೆ ಬಡೀಲಿಲ್ಲ. ಇಲ್ಲಿ ನೋಡಿ. ಈ ಪಕ್ಕದ ತುದಿಗಳು ಮಾತ್ರ ಸೀಳಿವೆ. ನೆರಳಲ್ಲಿ ಒಂದೇ ದಿನಕ್ಕೆ ಹೀಗೆ ಸೀಳಲ್ಲ. ಜಾಲರಿಯ ಬಿಸಿಗಾಳಿ ಹೊಡೆದ ಪಕ್ಕ ಇದು. ಬಳಿದ ಮೇಲೆ ಸೀಳಿದ್ರೆ ಬಿರುಕಿನೊಳಗೆ ಬಿಳಿ ಮರ ಕಾಣಬೇಕಿತ್ತು. ಬಣ್ಣ ಬಿರುಕಿನ ಒಳಗೇ ಇಳಿದಿದೆ. ಟ್ರಾಲಿ ವಾಪಸ್ ತಂದ ಮೇಲೆ, ಸೀಳಿದ್ದನ್ನ ನೋಡಿ ಮತ್ತೆ ಬಳಿದಿದಾರೆ. ಇಲ್ಲಿ ಬಣ್ಣ ಬಳಿಯೋರು ಯಾರು?"

ಉತ್ತರ ಕೊಟ್ಟದ್ದು ಯಜಮಾನರ ಹೆಂಡತಿ.

"ಮೈದುನ ಒಬ್ಬರೇ. ಬೇರೆಯವರು ಬ್ರಶ್ ಮುಟ್ಟಿದ್ರೆ ನಮ್ಮನೆಯವರು ಒಪ್ತಿರ್ಲಿಲ್ಲ..." ಹೇಳುತ್ತ ಹೇಳುತ್ತಲೇ ಅವರಿಗೆ ಅರ್ಥವಾಯಿತು. ಕುಸಿದು ಕೂತರು.

ತಮ್ಮ ಓಡಲಿಲ್ಲ. ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಕೆಂಪು ಇತ್ತು.

"ಹದಿಮೂರನೇ ವಯಸ್ಸಿಂದ ಇಲ್ಲೇ ಇದೀನಿ. ಒಂದು ಮಾತೂ ಕೇಳದೆ ಮಾರ್ತೀನಿ ಅಂದ," ಎಂದ.

"ಆ ಬಣ್ಣ ಒಂದು ಬಳಿಯದಿದ್ರೆ ನಾನು ಈ ಟ್ರಾಲಿ ಹತ್ರ ನಿಲ್ತಾನೇ ಇರ್ಲಿಲ್ಲ. ಯಾಕೆ ಬಳಿದೆ?"

ಅವನು ಹಲಗೆಯ ತುದಿಯತ್ತ ನೋಡಿದ.

"ತುದಿ ಸೀಳಿತ್ತು ಮೇಡಂ. ಅಣ್ಣ ನೋಡಿದ್ರೆ ಬೈತಿದ್ದ."

ಹೇಳಿಕೆಯಲ್ಲಿ ಆ ಮಾತನ್ನು ಬರೆಯಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಬರೆದೆ.

ಅವನನ್ನು ಜೀಪಿಗೆ ಹತ್ತಿಸಿ ನಾನು ತಿರುಗಿ ಬಂದಾಗ ಆಂಟೆನಾ ಕೂತಲ್ಲೇ ಇದ್ದ. ಹೋಗಬಹುದು ಎಂದು ಎರಡು ಸಲ ಹೇಳಿದೆ, ಅವನ ಕಿವಿಗೆ ಬೀಳಲಿಲ್ಲ. ಆ ತಾಯಿಯೇ ಎದ್ದು ಹೋಗಿ ಅವನ ತಲೆಯ ಮೇಲೆ ಕೈ ಇಟ್ಟರು.

"ನಿಂದೇನೂ ತಪ್ಪಿಲ್ಲ ಕಣಪ್ಪ. ಏಳು, ನಿನ್ನ ಹೆಂಡ್ತಿ ಕಾಯ್ತಿದಾಳೆ."

ಅಷ್ಟೂ ಹೊತ್ತು ಕಣ್ಣು ಒಣಗಿಸಿಕೊಂಡು ಕೂತಿದ್ದ ಆ ಉದ್ದನೆಯ ಮನುಷ್ಯ ಅವರ ಕಾಲ ಬಳಿ ಬಗ್ಗಿ ಬಿಕ್ಕಿ ಬಿಕ್ಕಿ ಅತ್ತ. ಅವರೂ ಅತ್ತರು, ಆ ಸಂಜೆಯಲ್ಲಿ ಮೊದಲ ಸಲ.